ಎಂಟು ರಾಣಿಯರು ಮತ್ತು ಪ್ರಸ್ತಾರದ ಲೆಕ್ಕ

ಚದುರಂಗದ ಮಣೆಯನ್ನು ಎದುರಿಗಿಟ್ಟುಕೊಂಡು, ಎದುರಾಳಿಯಿಲ್ಲದೆ ಒಬ್ಬರೇ ಬಿಡಿಸಬಹುದಾದ ಗಣಿತ ಸಮಸ್ಯೆಗಳಲ್ಲಿ ಎರಡು ಬಗೆಗಳು ಪ್ರಸಿದ್ಧವಾಗಿವೆ. ಒಂದೇ ಕಾಯಿಯನ್ನು ಮಣೆಯ ಎಲ್ಲ ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಹೋಗುವಂತೆ ನಡೆಸುವುದು ಮೊದಲನೆಯ ಬಗೆ. ಹಲವು ಕಾಯಿಗಳನ್ನು ಒಂದನ್ನೊಂದು ಹೊಡೆಯಲಾಗದಂತೆ ಮಣೆಯ ಮೇಲೆ ಇರಿಸುವುದು ಎರಡನೆಯ ಬಗೆ. ಮೊದಲನೆಯದು ನಡೆಯ ಸಮಸ್ಯೆ. ಎರಡನೆಯದು ನೆಲೆಯ ಸಮಸ್ಯೆ. ಸಾಹಿತ್ಯಾಭ್ಯಾಸಿಗಳಾದ ನಮಗೆ ಮೊದಲನೆಯದರ ಪರಿಚಯವಿದೆ, ಅದರ ಬಗ್ಗೆ ಸ್ವಲ್ಪ ಅಭಿಮಾನವೂ ಇದೆ. ಎರಡನೆಯದರ ಕಡೆಗೆ ನಾವು ತಿರುಗಿ ನೋಡಿದ್ದು ಕಡಿಮೆ. ಆದರೆ ನಮ್ಮ ಛಂದಶ್ಶಾಸ್ತ್ರಕ್ಕೆ ಹೆಚ್ಚು ಹತ್ತಿರದ ಬಂಧು ಈ ಎರಡನೆಯದೇ ಎಂಬುದು ನನ್ನ ತಿಳಿವಳಿಕೆ.

ಮೊದಲನೆಯ ಬಗೆಯ ಮಾತನ್ನು ಬೇಗ ಮುಗಿಸುತ್ತೇನೆ. ಕ್ರಿ.ಶ. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ತುರಗಪದವೆಂಬ ಚಿತ್ರಬಂಧವನ್ನು ಕೊಟ್ಟಿದ್ದಾನೆ. ಅನುಷ್ಟುಪ್ಪಿನ ಮೂವತ್ತೆರಡು ಅಕ್ಷರಗಳನ್ನು ನಾಲ್ಕು ಸಾಲು, ಎಂಟು ಕಂಬಗಳ ಅರ್ಧ ಮಣೆಯಲ್ಲಿ ತುಂಬಿ, ಕುದುರೆಯ ನಡೆಯಲ್ಲಿ ಓದಿದರೆ ಮತ್ತೆ ಶ್ಲೋಕವೇ ಸಿಗುತ್ತದೆ. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕವನ್ನು ಹಾಗೆ ಓದಿದಾಗ ಮತ್ತೊಂದು ಶ್ಲೋಕ ಹೊರಡುತ್ತದೆ. ಐರೋಪ್ಯ ಗಣಿತಜ್ಞ ಆಯ್ಲರ್ ಈ ಕುದುರೆಯ ನಡೆಯನ್ನು ಗಣಿತದ ವಿಷಯವಾಗಿ ಎತ್ತಿಕೊಂಡದ್ದು 1759ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ನಡೆಗಳನ್ನು ರಚಿಸುವುದರಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿಯೊಂದು ಅಡ್ಡಸಾಲು, ಪ್ರತಿಯೊಂದು ಕಂಬಸಾಲು 260ಕ್ಕೆ ಬರುವಂಥ ನಡೆಯನ್ನೂ ಅವರು ರಚಿಸಿದ್ದರು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಒಂದು ತುರಗಪದವನ್ನು ರಚಿಸಿದವನಿಗೆ ಒಂದು ದಾರಿ ಸಿಕ್ಕರೆ ಸಾಕು. ದಾರಿಗಳು ಒಟ್ಟು ಎಷ್ಟು ಎಂಬ ಪ್ರಶ್ನೆ ಅವನನ್ನು ಕಾಡುವುದಿಲ್ಲ. ನಾನು ಹೇಳಹೊರಟಿರುವುದು ಆ ‘ಒಟ್ಟು ಎಷ್ಟು’ ಎಂಬ ಪ್ರಶ್ನೆಯ ಕುರಿತು.

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಕೇಳುವ ಸಮಸ್ಯೆ ಎಂಟು ರಾಣಿಯರದು. 1848ರಲ್ಲಿ ಮ್ಯಾಕ್ಸ್ ಬೆಟ್ಸೆಲ್ ಎಂಬ ಜರ್ಮನಿಯ ಚದುರಂಗಪ್ರಿಯ ಇದನ್ನು ಬರ್ಲಿನ್ನಿನ ಚದುರಂಗ ಪತ್ರಿಕೆಯೊಂದರಲ್ಲಿ ಮುಂದಿಟ್ಟ. ಎಂಟು ರಾಣಿಯರನ್ನು ಅರವತ್ತನಾಲ್ಕು ಮನೆಗಳ ಮಣೆಯ ಮೇಲೆ ಇರಿಸಬೇಕು. ಯಾವ ಇಬ್ಬರೂ ಒಂದೇ ಅಡ್ಡಸಾಲಿನಲ್ಲಾಗಲಿ, ಒಂದೇ ಕಂಬಸಾಲಿನಲ್ಲಾಗಲಿ, ಒಂದೇ ಓರೆಸಾಲಿನಲ್ಲಾಗಲಿ ಇರಕೂಡದು. ಎಷ್ಟು ರೀತಿಯಲ್ಲಿ ಹೀಗೆ ಇರಿಸಬಹುದು?

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಈ ಸಮಸ್ಯೆಯೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳಲು ಬರುವುದಿಲ್ಲ. ನಮ್ಮ ಹಳೆಯ ಚತುರಂಗದಲ್ಲಿ ರಾಣಿಯಿಲ್ಲ. ಆ ಸ್ಥಾನದಲ್ಲಿ ಮಂತ್ರಿಯಿದ್ದಾನೆ. ಅವನ ನಡೆ ಓರೆಯಾಗಿ ಒಂದೇ ಮನೆ. ಎಂಟು ದಿಕ್ಕಿಗೂ ಎಷ್ಟು ದೂರವಾದರೂ ಸಾಗುವ ಇಂದಿನ ರಾಣಿ ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಹುಟ್ಟಿದವಳು. ಹಳೆಯ ಮಂತ್ರಿಗಳನ್ನಾದರೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ತುಂಬಿ ಮೂವತ್ತೆರಡು ಮಂದಿಯನ್ನು ನೆಮ್ಮದಿಯಾಗಿ ಕೂರಿಸಬಹುದು. ಸಮಸ್ಯೆ ಕಠಿಣವಾಗುವುದು ಕಾಯಿಗೆ ಬಲ ಬಂದ ಮೇಲೆ. ಆದ್ದರಿಂದ ನಾನು ಹುಡುಕುತ್ತಿರುವುದು ಸಮಸ್ಯೆಯ ಪೂರ್ವಜರನ್ನಲ್ಲ, ಅದನ್ನು ಬಿಡಿಸುವ ವಿಧಾನದ ಬಂಧುಗಳನ್ನು.

ಈ ಸಮಸ್ಯೆ ನನ್ನ ಕೈಗೆ ಬಂದದ್ದು ನಮ್ಮ ಕಾಲೇಜಿನ ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರಿಂದ. ನಾನು ಆ ವಾರ ಸ್ನಾತಕೋತ್ತರ ತರಗತಿಗೆ ಒಂದನೆಯ ನಾಗವರ್ಮನ ‘ಛಂದೋಂಬುಧಿ’ಯ ಷಟ್‌ಪ್ರತ್ಯಯ ಭಾಗವನ್ನು ಪಾಠ ಹೇಳುತ್ತಿದ್ದೆ. ಪ್ರಸ್ತಾರವೆಂದರೇನು ಎಂದು ಅವರು ಕೇಳಿದರು, ನಾನು ವಿವರಿಸಿದೆ. ಅವರು ಸುಮ್ಮನೆ ಒಂದು ಹಾಳೆಯ ಮೇಲೆ ಹದಿನಾರು ಮನೆಗಳನ್ನು ಗೀಚಿ, ನಾಲ್ಕು ಹುಣಸೆಬೀಜಗಳನ್ನು ರಾಣಿಯರೆಂದು ಭಾವಿಸಿ ಇರಿಸಿ ನೋಡಿ ಎಂದರು. ಓದುಗರೂ ಹಾಗೆಯೇ ಮಾಡಿ ನೋಡಬಹುದು.

ಒಂದು ಅಡ್ಡಸಾಲಿಗೆ ಒಬ್ಬಳೇ ರಾಣಿಯಾದ್ದರಿಂದ, ಯಾವ ಸಾಲಿನಲ್ಲಿ ಎಷ್ಟನೆಯ ಮನೆ ಎಂಬ ಅಂಕಿಯನ್ನಷ್ಟೇ ಬರೆದರೆ ಸಾಕು. ಮೊದಲ ಸಾಲಿನಲ್ಲಿ 1 ಎಂದಿಟ್ಟರೆ ಎರಡನೆಯ ಸಾಲಿನಲ್ಲಿ 3 ಮತ್ತು 4 ಮಾತ್ರ ಉಳಿಯುತ್ತವೆ. 3 ಎಂದಿಟ್ಟರೆ ಮೂರನೆಯ ಸಾಲಿನಲ್ಲಿ ಜಾಗವೇ ಇಲ್ಲ. ಹಿಂದೆ ಬಂದು 4 ಎಂದಿಡಬೇಕು; ಆಗ ಮೂರನೆಯ ಸಾಲಿನಲ್ಲಿ 2 ಸಾಧ್ಯ, ಆದರೆ ನಾಲ್ಕನೆಯ ಸಾಲಿನಲ್ಲಿ ಜಾಗವಿಲ್ಲ. 1ರಿಂದ ಆರಂಭವಾಗುವ ದಾರಿಗಳೆಲ್ಲ ಮುಗಿದವು. ಈಗ ಮೊದಲ ಸಾಲಿನ ರಾಣಿಯನ್ನೇ ಒಂದು ಮನೆ ಸರಿಸಿ 2ರಲ್ಲಿಡಬೇಕು. ಆಮೇಲೆ ಎರಡನೆಯ ಸಾಲಿಗೆ 4 ಒಂದೇ ಗತಿ, ಮೂರನೆಯದಕ್ಕೆ 1, ನಾಲ್ಕನೆಯದಕ್ಕೆ 3. ಅಂದರೆ 2-4-1-3. ಇದು ಒಂದು ಉತ್ತರ. ಇದರ ಕನ್ನಡಿ ಬಿಂಬವಾದ 3-1-4-2 ಇನ್ನೊಂದು. ನಾಲ್ಕು ಅಂಕಿಗಳ ಇಪ್ಪತ್ತನಾಲ್ಕು ಜೋಡಣೆಗಳಲ್ಲಿ ಉಳಿಯುವುದು ಇವೆರಡೇ.

ಗಮನಿಸಬೇಕಾದದ್ದು ಉತ್ತರವನ್ನಲ್ಲ, ಹೋದ ರೀತಿಯನ್ನು. ಮುಂದೆ ಹೋಗಲಾಗದಿದ್ದಾಗ ಕೊನೆಯ ಕಾಯಿಯನ್ನು ಸರಿಸುವುದು. ಅದು ಸಾಲಿನ ಅಂಚು ಮುಟ್ಟಿದರೆ ಅದನ್ನು ಎತ್ತಿಕೊಂಡು ಅದರ ಹಿಂದಿನ ಕಾಯಿಯನ್ನು ಒಂದು ಮನೆ ಸರಿಸುವುದು. ಈ ಕ್ರಮದಲ್ಲಿ ಯಾವ ದಾರಿಯೂ ತಪ್ಪುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ. ಗಣಕವಿಜ್ಞಾನದವರು ಇದನ್ನು ಬ್ಯಾಕ್‌ಟ್ರ್ಯಾಕಿಂಗ್ ಎನ್ನುತ್ತಾರೆ. ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ 1972ರಲ್ಲಿ ಪ್ರೋಗ್ರಾಂ ಬರೆಯುವ ಶಿಸ್ತನ್ನು ವಿವರಿಸಲು ಎಂಟು ರಾಣಿಯರನ್ನೇ ಉದಾಹರಣೆಯಾಗಿ ತೆಗೆದುಕೊಂಡ.

ಎಂಟು ಮನೆಗಳ ಮಣೆಗೆ ಬಂದರೆ ಲೆಕ್ಕ ಬೆಳೆಯುತ್ತದೆ. ಅರವತ್ತನಾಲ್ಕರಲ್ಲಿ ಯಾವುದಾದರೂ ಎಂಟು ಮನೆಗಳನ್ನು ಆರಿಸುವ ರೀತಿಗಳು 442 ಕೋಟಿಗೂ ಹೆಚ್ಚು. ಸಾಲಿಗೊಬ್ಬಳು, ಕಂಬಕ್ಕೊಬ್ಬಳು ಎಂಬ ನಿಯಮ ಹಾಕಿದೊಡನೆ ಅದು 40,320ಕ್ಕೆ ಇಳಿಯುತ್ತದೆ. ಓರೆಸಾಲಿನ ನಿಯಮವನ್ನೂ ಸೇರಿಸಿದರೆ ಉಳಿಯುವುದು 92 ಮಾತ್ರ. ನಮ್ಮ ಕ್ರಮದಲ್ಲಿ ಅವುಗಳಲ್ಲಿ ಮೊದಲನೆಯದು 1-5-8-6-3-7-2-4. ಮಣೆಯನ್ನು ತಿರುಗಿಸಿದಾಗ, ಕನ್ನಡಿಯಲ್ಲಿ ಕಂಡಾಗ ಒಂದೇ ಆಗುವವುಗಳನ್ನು ಒಟ್ಟುಗೂಡಿಸಿದರೆ ಮೂಲರೂಪಗಳು ಹನ್ನೆರಡು. ಅವುಗಳಲ್ಲಿ ಹನ್ನೊಂದು ತಲಾ ಎಂಟು ರೂಪಗಳನ್ನೂ, ಒಂದು ಮಾತ್ರ ನಾಲ್ಕು ರೂಪಗಳನ್ನೂ ಕೊಡುತ್ತವೆ.

ಈ 92ರ ಹಿಂದೆ ಸಂಶೋಧಕರೆಲ್ಲರೂ ತಿಳಿದಿರಬೇಕಾದ ಒಂದು ಕಥೆಯಿದೆ. 1850ರಲ್ಲಿ ಫ್ರಾಂಟ್ಸ್ ನೌಕ್ ಎಂಬಾತ ಈ ಸಮಸ್ಯೆಯನ್ನು ಜರ್ಮನಿಯ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಮತ್ತೆ ಎತ್ತಿದ. ಆ ಕಾಲದ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಗೌಸ್ ಅದನ್ನು ಓದಿ, ತನ್ನ ಮಿತ್ರ ಖಗೋಳಶಾಸ್ತ್ರಜ್ಞ ಶುಮಾಕರ್‌ನಿಗೆ ಪತ್ರ ಬರೆದ. ಮೊದಲು ಆತನಿಗೆ ದೊರೆತ ಉತ್ತರಗಳು 76. ಅವುಗಳಲ್ಲಿ ನಾಲ್ಕು ಸರಿಯಲ್ಲವೆಂದು ಗೊತ್ತಾಗಿ 72 ಉಳಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೌಕ್ 92 ಎಂದು ಪ್ರಕಟಿಸಿದ. ಗೌಸ್ ಈ ವಿಷಯಕ್ಕೆ ಬಿಡುವಿನ ಹೊತ್ತನ್ನಷ್ಟೇ ಕೊಟ್ಟಿದ್ದನೆಂಬುದನ್ನು ಮರೆಯಬಾರದು. ಸಮಸ್ಯೆಯನ್ನು ಮನೆಗಳಿಂದ ಬಿಡಿಸಿ ಅಂಕಗಳಿಗೆ ತಂದದ್ದು ಆತನ ಕೊಡುಗೆ: ಒಂದರಿಂದ ಎಂಟರವರೆಗಿನ ಅಂಕಿಗಳನ್ನು ಹೇಗಾದರೂ ಜೋಡಿಸಿ, ಪ್ರತಿ ಅಂಕಿಗೆ ಅದರ ಸಾಲಿನ ಸಂಖ್ಯೆಯನ್ನು ಕೂಡಿದಾಗ ಬರುವ ಎಂಟು ಮೊತ್ತಗಳೂ ಬೇರೆಬೇರೆಯಾಗಿರಬೇಕು, ಕಳೆದಾಗ ಬರುವ ಎಂಟು ವ್ಯತ್ಯಾಸಗಳೂ ಬೇರೆಬೇರೆಯಾಗಿರಬೇಕು. ಆದರೂ ನನ್ನನ್ನು ತಡೆದು ನಿಲ್ಲಿಸುವುದು ಆ 72. ಅವೆಲ್ಲವೂ ಸರಿಯಾದ ಉತ್ತರಗಳು. ಒಂದೂ ತಪ್ಪಿಲ್ಲದ ಎಪ್ಪತ್ತೆರಡು ಉತ್ತರಗಳ ಪಟ್ಟಿಯೂ ಅಪೂರ್ಣವಾಗಿರಬಹುದು. ‘ಸರಿಯಾಗಿದೆ’ ಎಂಬುದು ಬೇರೆ, ‘ಸಂಪೂರ್ಣವಾಗಿದೆ’ ಎಂಬುದು ಬೇರೆ.

ಸಂಪೂರ್ಣತೆಯನ್ನು ಹೇಗೆ ಸಂಪಾದಿಸಬೇಕೆಂಬುದನ್ನೇ ನಮ್ಮ ಪ್ರಸ್ತಾರ ಕಲಿಸುತ್ತದೆ. ಮೂರಕ್ಷರಗಳ ಪ್ರಸ್ತಾರವನ್ನು ನೆನೆಯೋಣ. ಮೊದಲ ಸಾಲಿನಲ್ಲಿ ಮೂರೂ ಗುರು. ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಬರೆಯಬೇಕು. ಅದರ ಬಲಕ್ಕಿರುವುದನ್ನು ಮೇಲಿನಂತೆಯೇ ಇಳಿಸಬೇಕು. ಎಡಕ್ಕಿರುವುದನ್ನು ಗುರುಗಳಿಂದ ತುಂಬಬೇಕು. ಸರ್ವಲಘು ಬಂದಾಗ ಪ್ರಸ್ತಾರ ಮುಗಿಯಿತು. ಹೀಗೆ ಬರುವ ಎಂಟು ಸಾಲುಗಳು ಕ್ರಮವಾಗಿ ಮ, ಯ, ರ, ಸ, ತ, ಜ, ಭ, ನ ಗಣಗಳು. ವಿದ್ಯಾರ್ಥಿಗಳು ಇವುಗಳ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ. ಗಣಗಳು ಎಂಟೇ ಏಕೆ, ಒಂಬತ್ತನೆಯದು ಏಕಿಲ್ಲ ಎಂದು ಕೇಳಿದರೆ ಮೌನ. ಪ್ರಸ್ತಾರವೇ ಅದಕ್ಕೆ ಉತ್ತರ.

ಉಳಿದ ಪ್ರತ್ಯಯಗಳಲ್ಲಿ ನಷ್ಟ, ಉದ್ದಿಷ್ಟಗಳು ಇಲ್ಲಿ ಮುಖ್ಯ. ಪ್ರಸ್ತಾರವನ್ನು ಬರೆಯದೆಯೇ ಇಷ್ಟನೆಯ ಸಾಲು ಯಾವುದೆಂದು ಹೇಳುವುದು ನಷ್ಟ. ಸಾಲನ್ನು ಕೊಟ್ಟರೆ ಅದು ಎಷ್ಟನೆಯದೆಂದು ಹೇಳುವುದು ಉದ್ದಿಷ್ಟ. ಆರನೆಯದು ಯಾವುದು? ಆರು ಸಮಸಂಖ್ಯೆ, ಲಘು ಬರೆದು ಅರ್ಧ ಮಾಡಿದರೆ ಮೂರು. ಮೂರು ವಿಷಮ, ಗುರು ಬರೆದು ಒಂದನ್ನು ಕೂಡಿ ಅರ್ಧ ಮಾಡಿದರೆ ಎರಡು. ಎರಡು ಸಮ, ಲಘು. ಲಘು-ಗುರು-ಲಘು, ಅಂದರೆ ಜಗಣ. ಪಟ್ಟಿಯಲ್ಲಿ ಅದು ಆರನೆಯದೇ.

ಇದೇ ಪರಿಭಾಷೆ ಛಂದಸ್ಸಿನ ಹೊರಗೂ ಬಳಕೆಯಲ್ಲಿತ್ತೆಂಬುದು ಜೈನ ಸಿದ್ಧಾಂತ ಗ್ರಂಥಗಳನ್ನು ಓದಿದವರಿಗೆ ಗೊತ್ತು. ಹತ್ತನೆಯ ಶತಮಾನದಲ್ಲಿ, ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಆರನೆಯ ಗುಣಸ್ಥಾನವಾದ ಪ್ರಮತ್ತವಿರತದ ಸಂದರ್ಭದಲ್ಲಿ ಪ್ರಮಾದದ ಭಂಗಗಳ ಲೆಕ್ಕ ಬರುತ್ತದೆ. ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ ಒಂದು, ಪ್ರಣಯ ಒಂದು. ಒಂದೊಂದರಿಂದ ಒಂದನ್ನು ಆರಿಸಿದರೆ ಒಟ್ಟು 80 ಭಂಗಗಳು. ಇವನ್ನು ವಿವರಿಸಲು ಅಲ್ಲಿ ಸಂಖ್ಯೆ, ಪ್ರಸ್ತಾರ, ಪರಿವರ್ತನ, ನಷ್ಟ, ಸಮುದ್ದಿಷ್ಟ ಎಂಬ ಐದು ಪ್ರಕಾರಗಳನ್ನು ಹೇಳಿದೆ. ಪರಿವರ್ತನಕ್ಕೆ ಅಕ್ಷಸಂಚಾರವೆಂಬ ಹೆಸರೂ ಉಂಟು. ಒಂದು ಅಕ್ಷವು ತನ್ನ ಕೊನೆಯವರೆಗೂ ಸರಿದು ಮತ್ತೆ ಮೊದಲಿಗೆ ಬಂದಾಗ ಅದರ ಪಕ್ಕದ ಅಕ್ಷವು ಒಂದು ಹೆಜ್ಜೆ ಸರಿಯುತ್ತದೆ. ಅದೂ ಕೊನೆ ಮುಟ್ಟಿ ಮರಳಿದಾಗ ಅದರಾಚೆಯದು ಸರಿಯುತ್ತದೆ. ಇಂದ್ರಿಯವು ಮೊದಲು ಸರಿಯುವ ಕ್ರಮದಲ್ಲಿ ಹದಿನೈದನೆಯ ಭಂಗ ಯಾವುದೆಂದರೆ ಸ್ತ್ರೀಕಥೆ, ಮಾಯೆ, ಶ್ರೋತ್ರೇಂದ್ರಿಯ ಎಂದು ಭಾಗಾಕಾರದಿಂದಲೇ ಹೇಳಬಹುದು. ಕೇಶವವರ್ಣಿಯು 1359ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನೆಂಬುದನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ನೆನಪಿಡಬೇಕು.

ಹುಣಸೆಬೀಜಗಳನ್ನು ಸರಿಸುವಾಗ ನಾನು ಮಾಡುತ್ತಿದ್ದುದು ಅಕ್ಷಸಂಚಾರವನ್ನೇ ಎಂದು ನನಗೆ ಅನ್ನಿಸಿತು. ಒಂದು ಸಾಲಿನ ಬೀಜ ಅಂಚಿಗೆ ಹೋಗಿ ಮರಳಿದಾಗ ಹಿಂದಿನ ಸಾಲಿನದು ಒಂದು ಮನೆ ಸರಿಯುತ್ತದೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಪ್ರಮಾದದ ಭಂಗಗಳಲ್ಲಿ ಯಾವ ವಿಕಥೆಯನ್ನು ಆರಿಸಿದರೂ ಕಷಾಯದ ಆಯ್ಕೆಗೆ ಅಡ್ಡಿಯಿಲ್ಲ. ಆದ್ದರಿಂದ ಗುಣಾಕಾರ ನಡೆಯುತ್ತದೆ, ನಷ್ಟ-ಉದ್ದಿಷ್ಟಗಳು ನಡೆಯುತ್ತವೆ. ರಾಣಿಯರಲ್ಲಿ ಒಬ್ಬಳನ್ನು ಇರಿಸಿದೊಡನೆ ಉಳಿದವರ ಸ್ವಾತಂತ್ರ್ಯ ಕುಗ್ಗುತ್ತದೆ. ಐದು ಮನೆಗಳ ಮಣೆಗೆ ಉತ್ತರಗಳು 10, ಆರಕ್ಕೆ 4, ಏಳಕ್ಕೆ 40, ಎಂಟಕ್ಕೆ 92. ಮಣೆ ದೊಡ್ಡದಾದಾಗ ಉತ್ತರ ಚಿಕ್ಕದಾಗುವ ಈ ಏರಿಳಿತಕ್ಕೆ ಒಂದು ಸೂತ್ರ ಇದುವರೆಗೆ ದೊರೆತಿಲ್ಲ. ಗಣಕಯಂತ್ರಗಳ ನೆರವಿದ್ದೂ ನಿಖರವಾದ ಲೆಕ್ಕ ಸಂದಿರುವುದು 27 ಮನೆಗಳ ಮಣೆಯವರೆಗೆ. 2021ರಲ್ಲಿ ಮೈಕೆಲ್ ಸಿಮ್ಕಿನ್ ಎಂಬ ಗಣಿತಜ್ಞರು ಬಹು ದೊಡ್ಡ ಮಣೆಗಳಿಗೆ ಒಂದು ಅಂದಾಜನ್ನು ಕೊಟ್ಟರು, ಅದೂ ಅಂದಾಜೇ. ಐವತ್ತನೆಯ ಉತ್ತರ ಯಾವುದೆಂದು ಕೇಳಿದರೆ ನಲವತ್ತೊಂಬತ್ತನ್ನೂ ದಾಟಿಯೇ ಬರಬೇಕು. ರಾಣಿಯರ ಮಣೆಯಲ್ಲಿ ಪ್ರಸ್ತಾರವುಂಟು, ನಷ್ಟವಿಲ್ಲ.

ಈ ಭೇದವನ್ನು ನಮ್ಮದೇ ಆದ ಕಂದಪದ್ಯದಲ್ಲಿ ಪರೀಕ್ಷಿಸಿ ನೋಡಬಹುದು. ಕಂದದ ಅರ್ಧದಲ್ಲಿ ನಾಲ್ಕು ಮಾತ್ರೆಗಳ ಎಂಟು ಗಣಗಳು. ಮೊದಲ ಪಾದಕ್ಕೆ ಮೂರು, ಎರಡನೆಯದಕ್ಕೆ ಐದು. ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪಗಳು. ವಿಷಮಸ್ಥಾನಗಳಲ್ಲಿ ಜಗಣ ಬರಕೂಡದಾದ್ದರಿಂದ ಅಲ್ಲಿ ತಲಾ ನಾಲ್ಕು. ಎರಡು ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಐದೈದು. ಆರನೆಯದು ಜಗಣ ಅಥವಾ ಸರ್ವಲಘು, ಅಂದರೆ ಎರಡು. ಎಂಟನೆಯದು ಗುರುವಿನಿಂದ ಮುಗಿಯಬೇಕು, ಅಲ್ಲಿಯೂ ಎರಡು. ಗುಣಿಸಿದರೆ ಅರ್ಧಪದ್ಯಕ್ಕೆ 25,600 ರೂಪಗಳು. ಇಲ್ಲಿ ನಿಯಮಗಳು ಅನೇಕವಿದ್ದರೂ ಪ್ರತಿಯೊಂದೂ ತನ್ನ ಸ್ಥಾನಕ್ಕೆ ಮಾತ್ರ ಸಂಬಂಧಿಸಿದ್ದು. ಆದ್ದರಿಂದ ಗುಣಾಕಾರಕ್ಕೆ ತೊಂದರೆಯಿಲ್ಲ. ಪೂರ್ಣಪದ್ಯಕ್ಕೆ 25,600ರ ವರ್ಗ, 65,53,60,000.

ಆದರೆ ಕನ್ನಡ ಕಂದಕ್ಕೆ ಆದಿಪ್ರಾಸವುಂಟು. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಹಿಂದಿನ ಅಕ್ಷರ ಒಂದು ಪಾದದಲ್ಲಿ ಗುರುವಾದರೆ ಎಲ್ಲದರಲ್ಲಿಯೂ ಗುರು, ಲಘುವಾದರೆ ಎಲ್ಲದರಲ್ಲಿಯೂ ಲಘು. ಶಿಥಿಲದ್ವಿತ್ವದಂಥ ಅಪವಾದಗಳನ್ನು ಬದಿಗಿಡೋಣ. ಈ ನಿಯಮ ಒಂದು ಸ್ಥಾನದ್ದಲ್ಲ. ನಾಲ್ಕು ಸ್ಥಾನಗಳ ನಡುವಿನ ಒಪ್ಪಂದ. ಎರಡು ಪಾದಗಳೂ ಗುರುವಿನಿಂದ ಆರಂಭವಾಗುವ ಅರ್ಧಪದ್ಯಗಳು 5,120. ಲಘುವಿನಿಂದ ಆರಂಭವಾಗುವವು 7,680. ಇವುಗಳ ವರ್ಗಗಳನ್ನು ಕೂಡಿದರೆ 8,51,96,800. ಅಂದರೆ ಮೊದಲ ಪಾದದ ಮೊದಲ ಅಕ್ಷರವನ್ನು ಕವಿ ಇಟ್ಟೊಡನೆ ಉಳಿದ ಮೂರು ಪಾದಗಳ ಬಾಗಿಲುಗಳಲ್ಲಿ ಕೆಲವು ಮುಚ್ಚಿಹೋದವು. ಅರುವತ್ತೈದು ಕೋಟಿ ಎಂಟೂವರೆ ಕೋಟಿಗೆ ಇಳಿಯಿತು. ರಾಣಿಯನ್ನು ಮೊದಲ ಸಾಲಿನಲ್ಲಿ ಇರಿಸಿದಾಗ ಆಗುವುದೂ ಇದೇ ಜಾತಿಯದು. ಪ್ರಾಸವನ್ನು ನಾವು ಕಿವಿಗೆ ಇಂಪೆಂದು ಪಾಠ ಹೇಳುತ್ತೇವೆ. ಪದ್ಯದ ದೂರದ ಸ್ಥಾನಗಳನ್ನು ಪರಸ್ಪರ ಬಿಗಿಯುವ ಕಟ್ಟು ಅದು ಎಂಬುದನ್ನು ಹೇಳುವುದಿಲ್ಲ. ಪ್ರಾಸಕ್ಕಾಗಿ ಕವಿ ಬರೆದ ಪಾದವನ್ನು ಅಳಿಸಿ ಹಿಂದಿನ ಪಾದಕ್ಕೆ ಮರಳುವುದು ಮಣೆಯ ಮೇಲಿನ ಹಿಂದೆಗೆತಕ್ಕಿಂತ ಬೇರೆಯಲ್ಲ.

ಈ ವಿಚಾರ ನನಗೆ ಬರಿಯ ಕುತೂಹಲದ್ದಾಗಿ ಉಳಿದಿಲ್ಲ. ಪಿಎಚ್.ಡಿ. ಮೌಖಿಕ ಪರೀಕ್ಷೆಗಳಲ್ಲಿ ಕುಳಿತಾಗ ‘ಹಳಗನ್ನಡದಲ್ಲಿ ಈ ಪ್ರಯೋಗ ಇಲ್ಲಿ ಮಾತ್ರ’, ‘ಈ ಆಶಯ ಬೇರೆ ಯಾವ ಪುರಾಣದಲ್ಲಿಯೂ ಇಲ್ಲ’ ಎಂಬ ವಾಕ್ಯಗಳನ್ನು ಮತ್ತೆ ಮತ್ತೆ ಕಾಣುತ್ತೇನೆ. ಅಭ್ಯರ್ಥಿ ಕೊಟ್ಟಿರುವ ಉದಾಹರಣೆಗಳು ಸರಿಯಾಗಿಯೇ ಇರುತ್ತವೆ. ಗೌಸ್‌ನ ಎಪ್ಪತ್ತೆರಡೂ ಸರಿಯಾಗಿಯೇ ಇದ್ದವು. ಯಾವ ಕೃತಿಗಳನ್ನು, ಯಾವ ಕ್ರಮದಲ್ಲಿ, ಯಾವ ಮುದ್ರಣಗಳಲ್ಲಿ ನೋಡಿದಿರಿ ಎಂದು ಕೇಳುತ್ತೇನೆ. ಉತ್ತರ ದೊರೆಯುವುದು ಅಪರೂಪ. ಸಿಕ್ಕಿದ್ದನ್ನು ಹೇಳಲು ಒಂದು ಉದಾಹರಣೆ ಸಾಕು. ಇಲ್ಲವೆಂದು ಹೇಳಲು ಪ್ರಸ್ತಾರ ಬೇಕು. ಹುಡುಕಾಟದ ಕ್ರಮವನ್ನು ಬರೆದಿಟ್ಟವನ ಮಾತನ್ನು ಇನ್ನೊಬ್ಬರು ಪರೀಕ್ಷಿಸಬಹುದು, ಬಿಟ್ಟುಹೋದ ಸಾಲನ್ನು ತುಂಬಬಹುದು. ಕ್ರಮವಿಲ್ಲದವನ ಮಾತನ್ನು ನಂಬಬೇಕು ಇಲ್ಲವೇ ಬಿಡಬೇಕು, ಅಷ್ಟೇ.

ಆದರೆ ಈ ಶಿಸ್ತನ್ನು ಕಲಿಸುವ ಪಾಠವನ್ನೇ ನಾವು ತರಗತಿಯಲ್ಲಿ ಹಾರಿಸುತ್ತೇವೆ. ಷಟ್‌ಪ್ರತ್ಯಯಗಳಿಂದ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಕಡಿಮೆ. ಕವಿಗಳಿಗೆ ಅದರಿಂದ ಉಪಯೋಗವಿಲ್ಲವೆಂಬ ಮಾತೂ ಇದೆ. ಕವಿಗೆ ಉಪಯೋಗವಿಲ್ಲದಿರಬಹುದು. ಸಂಶೋಧಕನಿಗೆ ನಮ್ಮ ಪಠ್ಯಕ್ರಮದಲ್ಲಿ ಅದಕ್ಕಿಂತ ಉಪಯುಕ್ತವಾದ ಅಧ್ಯಾಯ ನನಗೆ ತಿಳಿದಂತೆ ಇನ್ನೊಂದಿಲ್ಲ. ತುರಗಪದವನ್ನು ತೋರಿಸಿ ವಿದ್ಯಾರ್ಥಿಗಳನ್ನು ಬೆರಗುಗೊಳಿಸುವುದು ಸುಲಭ. ಮಯರಸತಜಭನವನ್ನು ಅವರ ಕೈಯಿಂದಲೇ ಬರೆಸಿ ಎಂಟೇ ಏಕೆಂದು ಹೇಳಿಸುವುದಕ್ಕೆ ಎರಡು ತರಗತಿಗಳು ಬೇಕು.

ಮುಂದಿನ ಅರ್ಧವರ್ಷದಲ್ಲಿ ಆ ಪಾಠವನ್ನು ಇಪ್ಪತ್ತೈದು ಮನೆಗಳ ಮಣೆಯಿಂದ ಆರಂಭಿಸಬೇಕೆಂದಿದ್ದೇನೆ. ಐದು ರಾಣಿಯರಿಗೆ ಉತ್ತರಗಳು ಹತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಹತ್ತನ್ನೂ ಕಂಡುಹಿಡಿಯುವುದು ಒಂದು ಗಂಟೆಯ ಕೆಲಸ. ಹನ್ನೊಂದನೆಯದು ಇಲ್ಲವೆಂದು ಪಕ್ಕದವರಿಗೆ ಒಪ್ಪಿಸುವುದೇ ಅವರು ಮನೆಯಿಂದ ಮಾಡಿ ತರಬೇಕಾದ ಅಭ್ಯಾಸ. ಸಾಹಿತ್ಯದ ಅಧ್ಯಾಪಕರಾಗಿರುವ ಓದುಗರು ತಮ್ಮ ತರಗತಿಗಳಲ್ಲಿಯೂ ಇದನ್ನು ಮಾಡಿಸಿ ನೋಡಬೇಕೆಂದು ಕೋರುತ್ತೇನೆ.